ನೀರುಗಾಡಿಯ ಬ್ರೇಕಣ್ಣ

ಆ ಊರಿಗೆ ಬಂದವರಿಗೆ ನೋಡುವುದಕ್ಕೆ ಬೇಕಾದಷ್ಟಿತ್ತು. ಕಡಲಿನೊಳಕ್ಕೆ ಚಾಚಿದ ಮರದ ಕಟ್ಟೆ, ಹಳೆಯ ದೀಪಸ್ತಂಭ, ಹಿಂದೆ ಯಾವುದೋ ರಾಣಿ ಹವಾ ಬದಲಾವಣೆಗೆ ಬಂದು ಇಳಿದಿದ್ದಳೆನ್ನುವ ಬಿಳಿ ಮನೆ. ಆದರೆ ರೈಲಿಳಿದವರು ಮೊದಲು ಕೇಳುತ್ತಿದ್ದದ್ದು ನೀರುಗಾಡಿ ಎಲ್ಲಿ ಅಂತ.

ಊರು ಬಂಡೆಯ ಮೇಲಿತ್ತು, ಮರಳದಂಡೆ ಬಂಡೆಯ ಕೆಳಗೆ. ನಡುವೆ ನೋಡಿದರೆ ಎದೆ ಝಲ್ಲೆನ್ನುವಷ್ಟು ಕಡಿದಾದ ಹಳಿ. ಹಳಿಯ ಮೇಲೆ ಎರಡು ಗಾಡಿ, ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಕಟ್ಟಿದವು. ಒಂದು ಇಳಿದರೆ ಇನ್ನೊಂದು ಏರಲೇಬೇಕು. ಎಂಜಿನ್ನಿಲ್ಲ, ಕರೆಂಟಿಲ್ಲ. ಮೇಲಿನ ಗಾಡಿಯ ಹೊಟ್ಟೆಯಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರಕ್ಕೆ ಇಳಿಯುತ್ತದೆ, ಕೆಳಗಿನದನ್ನು ಎಳೆದು ತರುತ್ತದೆ. ದಂಡೆ ಮುಟ್ಟಿದ ಮೇಲೆ ತೊಟ್ಟಿ ಖಾಲಿ ಮಾಡುತ್ತಾರೆ. ಅಷ್ಟೇ.

ಮೇಲೆ ನೀರು ಬಿಡುವವನು, ಬ್ರೇಕಿನ ಚಕ್ರ ಹಿಡಿಯುವವನು ಬ್ರೇಕಣ್ಣ. ಅವನಿಗೆ ಬೇರೆ ಹೆಸರು ಇದ್ದದ್ದು ಅವನ ಹೆಂಡತಿಗೂ ಮರೆತುಹೋಗಿತ್ತು. ಅವನ ಅಪ್ಪನೂ ಅದೇ ಚಕ್ರ ಹಿಡಿದೇ ಮುದುಕನಾದವನು. ಬ್ರೇಕಣ್ಣ ಮಾತು ಕಡಿಮೆಯ ಮನುಷ್ಯ. "ಇವರು ಬಾಯಿಗೂ ಒಂದು ಬ್ರೇಕ್ ಹಾಕಿಸ್ಕೊಂಡಿದ್ದಾರೆ, ನಂಗೆ ಸಡಿಲಿಸೋಕೆ ಬರಲ್ಲ" ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದಳು. ಅವನು ನಗುತ್ತಿದ್ದ, ಅದೂ ಅರ್ಧ.

ಬಂಡೆ ಮಧ್ಯದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದರಿಂದ ಮೇಲಿನಿಂದ ನೋಡಿದರೆ ಕೆಳಗಿನ ನಿಲ್ದಾಣ ಕಾಣುತ್ತಿರಲಿಲ್ಲ. ಒಮ್ಮೆ ಟೆಲಿಫೋನ್ ಹಾಕಿಸಿದ್ದರು; ಉಪ್ಪುಗಾಳಿ ಅದನ್ನು ತಿಂದುಹಾಕಿತು. ಉಳಿದದ್ದು ಹಳೆಯ ಗಂಟೆ. ಕೆಳಗಿನವನು ತಂತಿ ಎಳೆದರೆ ಮೇಲೆ ಬಡಿಯುತ್ತದೆ. ಕೆಳಗಿನ ಗಾಡಿ ಖಾಲಿಯಿದ್ದರೆ ಒಂದು ಏಟು, ಅರ್ಧ ತುಂಬಿದ್ದರೆ ಎರಡು, ಭರ್ತಿಯಿದ್ದರೆ ಮೂರು. ಬ್ರೇಕಣ್ಣ ಏಟು ಕೇಳಿ ಅದಕ್ಕೆ ತಕ್ಕಷ್ಟು ನೀರು ಬಿಡುತ್ತಿದ್ದ. ಕಣ್ಣಿಂದ ನೋಡದ ಭಾರವನ್ನು ಕಿವಿಯಿಂದ ತೂಗುವ ಕೆಲಸ ಅದು.

ಆ ತಂತಿ ಎಳೆಯುವವನು ಬೇರೆ ಯಾರೂ ಅಲ್ಲ, ಅವನ ತಂಗಿಯ ಗಂಡ. ಮದುವೆಯಾದ ಹೊಸದರಲ್ಲಿ ಕೆಲಸವಿಲ್ಲದೆ ಕಟ್ಟೆಯ ಮೇಲೆ ಗಾಳ ಹಾಕಿಕೊಂಡು ಕೂತಿದ್ದವನನ್ನು ಕರೆತಂದು, ಸಮಿತಿಯವರ ಕೈಕಾಲು ಹಿಡಿದು, ಗಂಟೆಯ ಕೆಲಸಕ್ಕೆ ಹಾಕಿಸಿದ್ದು ಬ್ರೇಕಣ್ಣನೇ. ಆಮೇಲೆ ತಂಗಿಯೂ ಕೆಳಗಿನ ಟಿಕೆಟ್ ಗೂಡಿಗೆ ಬಂದಳು. ಊರವರು ಭಾವನನ್ನು ಮೇಲ್ಮನೆ, ಮೈದುನನನ್ನು ಕೆಳಮನೆ ಎನ್ನುತ್ತಿದ್ದರು. "ಮೇಲ್ಮನೆ ಒಪ್ಪದೆ ಕೆಳಮನೆ ಅಲ್ಲಾಡಲ್ಲ" ಎಂದು ಚಹಾ ಅಂಗಡಿಯವನು ಹಾಸ್ಯ ಮಾಡುತ್ತಿದ್ದ. ದಿನವಿಡೀ ಮುಖ ನೋಡದೆ ಇಬ್ಬರೂ ಮಾತಾಡಿಕೊಳ್ಳುತ್ತಿದ್ದದ್ದು ಆ ಗಂಟೆಯಲ್ಲೇ. ಸಂಜೆ ಕೊನೆಯ ಗಾಡಿಯಾದ ಮೇಲೆ ಮೈದುನ ಸುಮ್ಮನೆ ಒಂದು ಏಟು ಹೊಡೆಯುತ್ತಿದ್ದ. ಬರ್ತೀನಿ ಭಾವ ಎಂದು ಅದರರ್ಥ.

ಆ ವರ್ಷ ಊರಿನ ಸಮಿತಿಗೆ ಮೋಟರಿನ ಹುಚ್ಚು ಹಿಡಿಯಿತು. ನೀರು, ಗಂಟೆ ಎಲ್ಲ ತೆಗೆದು, ಕೆಳಗೆ ಒಬ್ಬನೇ ಕೂತು ಗುಂಡಿ ಒತ್ತುವಂಥ ಮೋಟರ್ ಗಾಡಿ ಮಾಡೋಣ ಎಂದು ಕೆಲವರು. ಜನ ನೋಡೋಕೆ ಬರುವುದೇ ನೀರುಗಾಡಿಯನ್ನು, ಅದನ್ನೇ ತೆಗೆದರೆ ಹೇಗೆ ಎಂದು ಇನ್ನು ಕೆಲವರು. ಕೊನೆಗೆ ತಾವೇ ಹತ್ತಿ ಇಳಿದು ನೋಡಿ ತೀರ್ಮಾನಿಸುವುದೆಂದಾಯಿತು. ನೀರುಗಾಡಿ ಉಳಿದರೆ ಬ್ರೇಕಣ್ಣನ ಕೆಲಸ ಉಳಿಯಿತು, ಇಲ್ಲದಿದ್ದರೆ ಇಲ್ಲ.

"ಭಯ ಬೀಳಬೇಡಿ ಭಾವ," ಎಂದ ಮೈದುನ ಹಿಂದಿನ ಸಂಜೆ. "ಬೆಣ್ಣೆ ಇಳಿದ ಹಾಗೆ ಇಳಿಸಿಬಿಡೋಣ."

ಬ್ರೇಕಣ್ಣ ಬೆಳಗ್ಗೆ ಬೇಗ ಬಂದು ಹಳಿಗೆ ಎಣ್ಣೆ ಹಾಕಿದ. ಗಾಡಿಯ ಹಿತ್ತಾಳೆ ಹಿಡಿಗಳನ್ನು ಉಜ್ಜಿದ. ಅಪ್ಪನ ಟೋಪಿ ಇಟ್ಟುಕೊಂಡ. ಸಮಿತಿಯವರು ಬಂದು ಮೇಲಿನ ಗಾಡಿಯಲ್ಲಿ ಒತ್ತಿ ಕೂತರು. ಕೆಳಗಿನಿಂದ ಗಂಟೆ ಬಡಿಯಿತು. ಒಂದು, ಎರಡು, ಮೂರು. ಸ್ಪಷ್ಟವಾಗಿ, ನಡುವೆ ಬಿಡುವು ಕೊಟ್ಟು. ಕೆಳಗೆ ಭರ್ತಿ. ಅವನು ಅದಕ್ಕೆ ಬೇಕಾದಷ್ಟು ನೀರು ಬಿಟ್ಟು, ಚಕ್ರ ಸಡಿಲಿಸಿದ.

ಗಾಡಿ ಇಳಿಯಲಿಲ್ಲ, ಬಿತ್ತು. ಹಗ್ಗ ಕಿರುಚಿಕೊಂಡ ಸದ್ದಿಗೇ ಅವನ ಕೈ ಚಕ್ರಕ್ಕೆ ಬಿಗಿಯಿತು. ಪೂರ್ತಿ ಒಮ್ಮೆಲೇ ಹಿಡಿದರೆ ಹಗ್ಗ ಹರಿಯುತ್ತದೆ; ಬಿಟ್ಟರೆ ಗಾಡಿ ನುಚ್ಚುನೂರು. ಹಿಡಿದು, ಬಿಟ್ಟು, ಹಿಡಿದು, ಬಿಟ್ಟು, ಅಂಗೈ ಚರ್ಮ ಸುಲಿದು ಬಂದರೂ ಬಿಡದೆ ಅವನು ಅದನ್ನು ದಂಡೆಯವರೆಗೆ ಇಳಿಸಿದ. ಕೊನೆಯಲ್ಲಿ ಒಂದು ದೊಡ್ಡ ಕುಲುಕು. ಅಧ್ಯಕ್ಷರ ತುಟಿ ಒಡೆಯಿತು, ಇನ್ನೊಬ್ಬರ ಕನ್ನಡಕ ಪುಡಿಯಾಯಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಇತ್ತ ಮೇಲಕ್ಕೆ ಬಂದು ನಿಂತ ಗಾಡಿಯ ಬಾಗಿಲನ್ನು ಬ್ರೇಕಣ್ಣ ತೆರೆದ. ಒಳಗೆ ಯಾರೂ ಇರಲಿಲ್ಲ. ಖಾಲಿ ಬೆಂಚುಗಳನ್ನು ನೋಡುತ್ತಾ ನಿಂತ. ಯಾರೋ ಬಗ್ಗಿ ಕೂತಿರಬೇಕು ಅನ್ನಿಸಿತೋ ಏನೋ, ಬೆಂಚಿನ ಕೆಳಗೂ ಬಗ್ಗಿ ನೋಡಿದ.

ಮೈದುನನ ಕೈ ತಪ್ಪಿರಬೇಕು ಎಂದುಕೊಂಡ. ದೊಡ್ಡವರು ಬಂದಿದ್ದಾರೆಂಬ ಗಾಬರಿಯಲ್ಲಿ ಎಳೆದುಬಿಟ್ಟಿದ್ದಾನೆ, ಹುಚ್ಚಪ್ಪ. ನಾಳೆ ಸಮಿತಿಯ ವಿಚಾರಣೆಯಲ್ಲಿ ತಾನೇ ಹೇಳಿಕೊಳ್ಳುತ್ತಾನೆ, ಆಗ ಇಬ್ಬರೂ ಸೇರಿ ಕ್ಷಮೆ ಕೇಳಿದರಾಯಿತು. ಮಾರನೆಯ ದಿನ ಕೈಗೆ ಬಟ್ಟೆ ಸುತ್ತಿಕೊಂಡು ಸಮಿತಿಯ ಕೋಣೆಗೆ ಹೋದಾಗಲೂ ಅವನಿಗೆ ಅದೇ ನಂಬಿಕೆ.

"ಗಂಟೆ ಎಷ್ಟು ಏಟು ಬಡೀತು?" ಅಧ್ಯಕ್ಷರು ಊದಿದ ತುಟಿಯಲ್ಲಿ ಕೇಳಿದರು.

"ಮೂರು ಸಾರ್."

ಅವರು ಮೈದುನನ ಕಡೆ ತಿರುಗಿದರು. ಅವನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. "ಗಾಡಿ ಖಾಲಿ ಇತ್ತು ಸಾರ್. ಖಾಲಿಗೆ ಒಂದು. ನಾನು ಒಂದೇ ಹೊಡೆದಿದ್ದು. ಭಾವಂಗೆ ವಯಸ್ಸಾಯ್ತು, ಪಾಪ, ಕಿವಿ ಮೊದಲಿನ ಹಾಗಿಲ್ಲ."

ಬ್ರೇಕಣ್ಣ ಬಾಗಿಲ ಬಳಿ ನಿಂತಿದ್ದ ತಂಗಿಯನ್ನು ನೋಡಿದ. ತಂತಿ ಇದ್ದದ್ದು ಅವಳ ಗೂಡಿನ ಪಕ್ಕದಲ್ಲೇ. ನಡೆಯಲು ಕಲಿಯುವ ಮುಂಚೆಯೇ ಅವಳು ಇವನ ಹೆಗಲೇರಿ ಆ ಮೇಲಿನ ಗಂಟೆಯನ್ನು ಮುಟ್ಟಿ ನಕ್ಕವಳು.

"ನೀನು ಹೇಳಮ್ಮ," ಎಂದ. "ಎಷ್ಟು ಹೊಡೆದ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಒಂದೇ ಅಣ್ಣಾ," ಎಂದಳು ನೆಲಕ್ಕೆ.

ಸಮಿತಿಯ ತೀರ್ಮಾನ ಅಲ್ಲೇ ಆಯಿತು. ಜನ ಬರುವ ಕಾಲ ಮುಗಿದ ಕೂಡಲೇ ಮೋಟರ್. ಅಲ್ಲಿಯವರೆಗೆ ಬ್ರೇಕಣ್ಣ ಎಚ್ಚರಿಕೆಯಿಂದ ಕೆಲಸ ಮಾಡತಕ್ಕದ್ದು. ಮೋಟರಿನ ಉಸ್ತುವಾರಿ ಯಾರಿಗೆ ಎಂಬುದನ್ನು ಅಧ್ಯಕ್ಷರು ಎದ್ದು ಹೋಗುವಾಗ ಮೈದುನನ ಬೆನ್ನು ತಟ್ಟಿ ತಿಳಿಸಿದರು. ಅದು ಮೊದಲೇ ಆಡಿಟ್ಟ ಮಾತೆಂದು ಆ ಕೈ ಬೆನ್ನಿಗೆ ಹೋದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಸಂಜೆ ಮೈದುನ ಮೇಲಿನ ನಿಲ್ದಾಣಕ್ಕೆ ಬಂದ. ಬ್ರೇಕಣ್ಣ ಹಲ್ಲು ಮತ್ತು ಎಡಗೈಯಿಂದ ಬಟ್ಟೆ ಬಿಗಿಸಿಕೊಳ್ಳುತ್ತಿದ್ದ. ಸಹಾಯಕ್ಕೆ ಬಂದ ಕೈಯನ್ನು ಪಕ್ಕಕ್ಕೆ ಸರಿಸಿದ.

"ಸಿಟ್ಟು ಮಾಡ್ಕೋಬೇಡಿ ಭಾವ. ಮೋಟರ್ ಇವತ್ತಲ್ಲ ನಾಳೆ ಬರೋದೇ. ನಿಮ್ಮ ತಂಗಿ ಎಷ್ಟು ವರ್ಷ ಆ ಗೂಡಲ್ಲಿ ಕೂತು ಟಿಕೆಟ್ ಹರೀಬೇಕು ಹೇಳಿ."

"ಗಾಡೀಲಿ ಜನ ಇದ್ರಲ್ಲೋ."

"ಯಾರಿಗೂ ಏನೂ ಆಗಲ್ಲ ಅಂತ ನಂಗೆ ಗೊತ್ತಿತ್ತು." ಮೈದುನ ನಿಜವಾಗಿಯೂ ಅವನನ್ನು ಸಮಾಧಾನ ಮಾಡಲೆಂದೇ ಹೇಳಿದ. "ಬ್ರೇಕ್ ಹಿಡಿದಿರೋದು ನೀವಲ್ವಾ? ಬೇರೆಯವರ ಕೈಲಿ ಇದ್ದಿದ್ರೆ ನಾನು ಅಂಥ ಕೆಲಸ ಮಾಡ್ತಿದ್ನಾ? ನಿಮ್ಮ ಕೈ ಮೇಲೆ ಅಷ್ಟು ನಂಬಿಕೆ ನಂಗೆ."

ಬ್ರೇಕಣ್ಣ ಸುಲಿದ ಅಂಗೈಯನ್ನು ನೋಡಿಕೊಂಡ. ಮನೆಗೆ ಹೋದ ಮೇಲೆ ಹೆಂಡತಿ ಕೂಗಾಡಿದಳು: ಹೋಗಿ ಹೇಳಿ, ಊರೆಲ್ಲ ಕೇಳುವ ಹಾಗೆ ಹೇಳಿ. "ಯಾರ ಮೇಲೆ ಹೇಳಲಿ?" ಎಂದ. "ತಂಗಿ ಸುಳ್ಳಿ ಅಂತ ಹೇಳ್ಲಾ?"

ಮರುದಿನ ಬಿಸಿಲು ಚೆನ್ನಾಗಿತ್ತು. ದಂಡೆಯಲ್ಲಿ ಜನವೋ ಜನ. ಮೇಲಿನ ಗಾಡಿ ಹತ್ತಿದವರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಗಂಟೆ ಬಡಿಯಿತು. ಎರಡು ಏಟು. ಬ್ರೇಕಣ್ಣ ಅಭ್ಯಾಸದಂತೆ ನೀರಿನ ನಲ್ಲಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಎರಡು ಅಂದರೆ ಅರ್ಧ. ಅರ್ಧವೇ ಇರಬಹುದು. ಇಲ್ಲದೆಯೂ ಇರಬಹುದು.

ಅವನು ನಲ್ಲಿ ಬಿಟ್ಟು, ಬ್ರೇಕಿಗೆ ಕೊಂಡಿ ಹಾಕಿ, ಚಪ್ಪಲಿ ಮೆಟ್ಟಿದ. "ಎಲ್ಲಿಗೆ ಹೊರಟ್ರಿ? ಗಾಡಿ ಯಾವಾಗ?" ಎಂದು ಯಾರೋ ಕೂಗಿದರು. ಬಂಡೆಯ ಪಕ್ಕದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಕೆಳಗಿನ ನಿಲ್ದಾಣಕ್ಕೆ ಬಂದ. ಮೈದುನ ತಂತಿಯ ಹಿಡಿಕೆ ಹಿಡಿದೇ ನಿಂತಿದ್ದ. ತಂಗಿ ಗೂಡಿನಿಂದ ತಲೆ ಹೊರಗೆ ಹಾಕಿದಳು.

"ಏನಾಯ್ತಣ್ಣ? ಗಂಟೆ ಕೇಳಿಸಲಿಲ್ವಾ?"

"ಕೇಳಿಸ್ತು."

ಗಾಡಿಯೊಳಗೆ ಇಣುಕಿದ. ಅರ್ಧ ಬೆಂಚು ಜನ, ಅರ್ಧ ಖಾಲಿ. ಗಂಟೆ ಈ ಸಲ ನಿಜ ಹೇಳಿತ್ತು. ಅವನು ತಲೆಯಾಡಿಸಿ, ಸರಳಿಗೆ ಕೈ ಆನಿಸಿಕೊಂಡು ಮೆಟ್ಟಿಲು ಹತ್ತತೊಡಗಿದ. ಮೇಲೆ ಬಂದು, ಉಸಿರು ಸರಿಯಾಗುವವರೆಗೆ ಕಾದು, ನೀರು ಬಿಟ್ಟು, ಗಾಡಿ ಇಳಿಸಿದ. ಬೆಣ್ಣೆ ಇಳಿದ ಹಾಗೆ ಇಳಿಯಿತು.

ಬಂದ ಗಾಡಿಯಿಂದ ಜನ ಗೊಣಗುತ್ತಾ ಇಳಿದರು, ಕಾಯುತ್ತಿದ್ದವರು ಗೊಣಗುತ್ತಾ ಹತ್ತಿದರು. ಸ್ವಲ್ಪ ಹೊತ್ತಿಗೆ ಗಂಟೆ ಮತ್ತೆ ಬಡಿಯಿತು. ಈ ಸಲ ಮೆಲ್ಲಗೆ, ಒಂದೊಂದು ಏಟನ್ನೂ ಬೇಡಿಕೊಳ್ಳುವ ಹಾಗೆ. ಒಂದು, ಎರಡು, ಮೂರು.

ಬ್ರೇಕಣ್ಣ ಬ್ರೇಕಿಗೆ ಕೊಂಡಿ ಹಾಕಿ, ಮತ್ತೆ ಚಪ್ಪಲಿ ಮೆಟ್ಟಿಕೊಂಡ.