ಬೆಟ್ಟವಿಲ್ಲದ ಬಿಸಿಲು

ಲಿನೆಟ್ ಬೆಸ್ವಿಕ್ ಪ್ರತಿದಿನ ಮಧ್ಯಾಹ್ನ ಹನ್ನೆರಡಕ್ಕೆ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು, ಕಚೇರಿಯ ಹಿಂದಿನ ಮೋಟುಗೋಡೆಯ ಮೇಲೆ ತಟ್ಟೆಯಲ್ಲಿಟ್ಟು ಅದರ ನೆರಳನ್ನು ನೋಡುತ್ತಿದ್ದಳು. ಬಿಸಿಲು ಬಿದ್ದ ಕಡೆ ಎಷ್ಟು ಹಳದಿ, ನೆರಳಿನ ಕಡೆ ಎಷ್ಟು ನೀಲಿ, ಅಂಚು ಎಲ್ಲಿ ಮಸುಕಾಗುತ್ತದೆ ಎಂದು ಎರಡು ನಿಮಿಷ ನೋಡಿ, ಆಮೇಲೆ ಉಪ್ಪು ಉದುರಿಸಿಕೊಂಡು ತಿನ್ನುವಳು. ಮಳೆ ಹನಿಯುತ್ತಿದ್ದರೂ ಇದನ್ನು ತಪ್ಪಿಸುತ್ತಿರಲಿಲ್ಲ. “ಕಾವು ಕೊಡೋಕೆ ಹೋದ್ಲು ನೋಡಿ,” ಎಂದು ಕಚೇರಿಯವರು ನಗುತ್ತಿದ್ದರು.

ದಕ್ಷಿಣ ಗೋಳಾರ್ಧದ ಹೋಬಾರ್ಟ್ ಊರಿನ ಆ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ಅವಳ ಕೆಲಸ, ಇನ್ನೂ ಕಟ್ಟದ ಮನೆಗಳಿಗೆ ಕಂಪ್ಯೂಟರಿನಲ್ಲಿ ಬಿಸಿಲು ಬೀಳಿಸುವುದು. ನಾನು ಪಕ್ಕದ ಮೇಜಿನಲ್ಲಿ ನಕ್ಷೆಗಳನ್ನು ಮುದ್ರಿಸುತ್ತಿದ್ದೆ. ಊರು, ತಾರೀಖು, ಗಂಟೆ ಕೊಟ್ಟರೆ ಸೂರ್ಯನನ್ನು ಉತ್ತರದ ಆಕಾಶದಲ್ಲಿ ಸರಿಯಾದ ಎತ್ತರಕ್ಕೆ ಸಾಫ್ಟ್‌ವೇರೇ ನಿಲ್ಲಿಸುತ್ತದೆ. ಉಳಿದದ್ದು ಅವಳ ಕೈಗುಣ. ನೆರಳು ಕಪ್ಪಾಗಲು ಬಿಡುತ್ತಿರಲಿಲ್ಲ, ಆಕಾಶದ ನೀಲಿಯನ್ನು ಅದರೊಳಗೆ ಇಳಿಸುತ್ತಿದ್ದಳು. ಇಟ್ಟಿಗೆ ಗೋಡೆಗೆ ತಾಗಿದ ಬೆಳಕು ಎದುರಿನ ಬಿಳಿ ಛಾವಣಿಗೆ ತುಸು ಕೆಂಪು ಹಚ್ಚುವಂತೆ ಮಾಡುತ್ತಿದ್ದಳು. ಅವಳ ಚಿತ್ರ ನೋಡಿದವರಿಗೆ ಆ ಮನೆಯಲ್ಲಿ ಕೂತು ಚಹಾ ಕುಡಿಯಬೇಕು ಎನಿಸುತ್ತಿತ್ತು.

ಆ ವರ್ಷ ಕಚೇರಿಯ ಯಜಮಾನ ಬ್ರೆಟ್ ಡಾರ್ಗನ್ ಫರ್ನ್‌ಕ್ಲಿಫ್ ಬೀದಿಯಲ್ಲಿ ನಾಲ್ಕು ಮಹಡಿಯ ಫ್ಲಾಟುಗಳಿಗೆ ನಕ್ಷೆ ಮಾಡಿದ್ದ. ಅದು ಬೆಟ್ಟದ ಬುಡದಲ್ಲಿ, ಕಣಿವೆಯೊಳಗಿನ ಬೀದಿ. ಆ ಜಾಗದ ಪಕ್ಕದಲ್ಲೇ, ಇಳಿಜಾರಿನಲ್ಲಿ ಕೆಳಗಿದ್ದ ಮನೆಯಲ್ಲಿ ಊನಾ ಟ್ರಿಪ್ ಎಂಬ ಮುದುಕಿ ಇದ್ದಳು. ನಗರಸಭೆಯ ಕಟ್ಟಳೆ ಸರಳ: ಜೂನ್ ಇಪ್ಪತ್ತೊಂದು, ವರ್ಷದ ಅತಿ ಚಿಕ್ಕ ಹಗಲು, ಅಂದು ಬೆಳಿಗ್ಗೆ ಒಂಬತ್ತರಿಂದ ಮೂರರೊಳಗೆ ಪಕ್ಕದ ಮನೆಯ ಕಿಟಕಿಗೆ ಮೂರು ಗಂಟೆ ಬಿಸಿಲು ಉಳಿಯಬೇಕು. ಹನ್ನೆರಡರವರೆಗೆ ಹೊಸ ಕಟ್ಟಡದ ನೆರಳು, ಅಲ್ಲಿಂದ ಮೂರರವರೆಗೆ ಬಿಸಿಲು ಎಂದು ಲಿನೆಟ್‌ಳ ಚಿತ್ರ ತೋರಿಸಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬ್ರೆಟ್ ಅದನ್ನು ನಗರಸಭೆಗೆ ಕೊಟ್ಟ.

ಜೂನ್ ಮೂರನೆಯ ವಾರ ಚಿತ್ರದ ಹಿನ್ನೆಲೆಗೆ ಫೋಟೊ ತೆಗೆಯಲು ಲಿನೆಟ್ ಅಲ್ಲಿಗೆ ಹೋದಳು. ಎರಡು ದಾಟಿ ಹತ್ತು ನಿಮಿಷಕ್ಕೆ ಬಿಸಿಲು ಆರಿತು. ಮೋಡವಿರಬೇಕೆಂದು ಕ್ಯಾಮೆರಾ ಹಿಡಿದೇ ನಿಂತಳು. ಕೈಬೆರಳು ಮರಗಟ್ಟಿದವು.

“ಏನಕ್ಕೆ ಕಾಯ್ತಿದೀಯ?” ಊನಾ ಕಿಟಕಿ ತೆರೆದು ಕೇಳಿದಳು.

“ಮೋಡ ಸರಿಯಲಿ ಅಂತ.”

“ನಾಳೆವರೆಗೂ ಕಾಯ್ಬೇಕಾಗುತ್ತೆ ತಾಯಿ. ಅದು ಮೋಡ ಅಲ್ಲ, ಬೆಟ್ಟ. ನೀನು ನದಿ ಆಚೆಯವಳಾ?”

ಹೌದು, ಅವಳು ನದಿಯ ಪೂರ್ವ ದಡದವಳು. ಅಲ್ಲಿ ಸಂಜೆಯವರೆಗೂ ಬಿಸಿಲು. ಬೆಟ್ಟವೆಂದರೆ ಅಲ್ಲಿಯವರಿಗೆ ದೂರದಿಂದ ನೋಡುವ ಚಂದದ ವಸ್ತು. ಕಂಪ್ಯೂಟರಿನಲ್ಲಿ ಕಟ್ಟಡ, ಬೇಲಿ, ಮರಗಳನ್ನೆಲ್ಲ ಇಟ್ಟವಳು ಬೆಟ್ಟವನ್ನು ಇಟ್ಟಿರಲಿಲ್ಲ. ಅವಳ ಸೂರ್ಯ ಮೂರರವರೆಗೆ ಬಯಲಿನಲ್ಲಿ ನಡೆದಿದ್ದ.

“ಡಾರ್ಗನ್ ಕಡೆಯವಳು ತಾನೆ? ಈ ಕುರ್ಚಿ ನೋಡು. ಚಳಿಗಾಲದಲ್ಲಿ ನನ್ನ ಮಂಡಿ ಮಡಚೋದು ಇಲ್ಲಿ ಬಿಸಿಲು ಬಿದ್ದ ಹೊತ್ತಲ್ಲಿ ಮಾತ್ರ. ಚಿತ್ರದಲ್ಲಿ ಮೂರು ಗಂಟೆ ಕೊಟ್ಟಿದೀಯಂತೆ. ಯಾರ ಮನೆಯಿಂದ ತಂದೆ?” ಎಂದು ಊನಾ ಕಿಟಕಿ ಬಡಿದು ಮುಚ್ಚಿದಳು.

ಲಿನೆಟ್ ಕಚೇರಿಗೆ ಬಂದು ಬೆಟ್ಟದ ಸಾಲನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಎರಡು ಗಂಟೆ ಹತ್ತು ನಿಮಿಷ. ಬ್ರೆಟ್‌ಗೆ ತೋರಿಸಿದಳು.

“ಇದನ್ನ ಅಳಿಸು,” ಎಂದ ಅವನು.

“ಮುಂದಿನ ವಾರ ನಗರಸಭೇಲಿ ಇದರ ಸಭೆ ಇದೆ, ಬ್ರೆಟ್. ಅವರು ನಂಬೋದು ನನ್ನ ಚಿತ್ರಾನೇ.”

“ಅವರು ಕೇಳಿದ್ದು ಕಟ್ಟಡದ ನೆರಳು. ಬೆಟ್ಟ ನಾನು ಕಟ್ಟಿದ್ನಾ?”

“ಕಿಟಕಿಗೆ ಬಿಸಿಲೆಷ್ಟು ಅಂತ ಕೇಳಿದಾರೆ.”

“ಹತ್ತು ವರ್ಷದಿಂದ ಮೊಟ್ಟೆ ನೋಡ್ಕೊಂಡು ಕೂತಿದೀಯ, ಎದುರಿಗಿರೋ ಬೆಟ್ಟ ಕಾಣ್ಲಿಲ್ಲ ನಿನಗೆ. ಈಗ ನಮಗೆ ಪಾಠ ಹೇಳೋಕೆ ಬಂದಿದೀಯ. ಕುರುಡಿ.”

ಕಚೇರಿಯಲ್ಲಿ ಮೊದಲು ನಗುತ್ತಿದ್ದವರು ಆ ದಿನದಿಂದ ಅವಳೊಂದಿಗೆ ಮಾತನ್ನೇ ಬಿಟ್ಟರು. ಚಹಾ ಮಾಡುವಾಗ ಅವಳ ಕಪ್ಪನ್ನು ಬಿಟ್ಟು ಉಳಿದವನ್ನು ತುಂಬಿಸುತ್ತಿದ್ದರು. ಮೂರನೆಯ ದಿನ ಅವಳು ಬೆಟ್ಟವಿರುವ ಹೊಸ ಚಿತ್ರದೊಂದಿಗೆ ನನ್ನ ಬಳಿ ಬಂದು, “ಇದೊಂದನ್ನ ಮುದ್ರಿಸಿಕೊಡ್ತೀಯಾ? ಬೈಗುಳ ನಿನಗೂ ಬೀಳಬಹುದು,” ಎಂದಳು. ಮನಸ್ಸಿನಲ್ಲೇ ಅವಳಿಗಾಗಿ ಪ್ರಾರ್ಥಿಸಿ ಮುದ್ರಿಸಿಕೊಟ್ಟೆ. ಅದರ ಕೆಳಗೆ ತನ್ನ ಹೆಸರು ಬರೆದು, ಹಿಂದಿನ ಚಿತ್ರ ತಪ್ಪು ಎಂದು ಒಂದು ಸಾಲು ಸೇರಿಸಿ, ನಗರಸಭೆಯ ಕಚೇರಿಗೆ ತಾನೇ ಹೋಗಿ ಕೊಟ್ಟುಬಂದಳು.

ಊನಾಳ ಕಿಟಕಿಗೆ ಮೂರು ಗಂಟೆ ಬಿಸಿಲು ಉಳಿಯಲೆಂದು ಸಭೆಯಲ್ಲಿ ಮೇಲಿನ ಮಹಡಿಯನ್ನು ತೆಗೆಸಿದರು. ಹೊರಗೆ ಮೆಟ್ಟಿಲಲ್ಲಿ ಊನಾ ಎದುರಾದಳು. ಲಿನೆಟ್ “ಕ್ಷಮಿಸಿ” ಎನ್ನುವಷ್ಟರಲ್ಲೇ, “ಕದ್ದವಳು ವಾಪಸ್ ಕೊಟ್ರೆ ಹಾರ ಹಾಕ್ಬೇಕಾ?” ಎಂದು ಕೋಲೂರಿಕೊಂಡು ಇಳಿದುಹೋದಳು.

ಮರುದಿನ ಬ್ರೆಟ್ ಅವಳ ಮೇಜಿನ ಬಳಿ ಬಂದು ನಿಂತ.

“ಶುಕ್ರವಾರ ನಿನ್ನ ಕೊನೇ ದಿನ. ಫ್ಲಾಟು ಕಟ್ಟಿಸ್ತಿದ್ದ ಗಿರಾಕಿ ನಮ್ಮನ್ನ ಬಿಟ್ಟುಹೋದ.”

“ಗೊತ್ತಿತ್ತು.”

“ಐವತ್ತೆಂಟಾಯ್ತು ನಿನಗೆ. ಬೆಟ್ಟ ಮರೆತವಳನ್ನ ಈ ಊರಲ್ಲಿ ಯಾರು ಕರೀತಾರೆ?” ಎಂದವನು ಸ್ವಲ್ಪ ದನಿ ತಗ್ಗಿಸಿದ. “ಹತ್ತು ವರ್ಷ ಇದ್ದೆ ಅಂತ ಇದೊಂದು ಮಾಡ್ತೀನಿ. ಸಾಫ್ಟ್‌ವೇರ್ ಕೈಕೊಡ್ತು, ನಿನ್ನ ತಪ್ಪಿಲ್ಲ ಅಂತ ಕಾಗದ ಬರ್ಕೊಡ್ತೀನಿ. ಬೇರೆ ಕಡೆ ತೋರಿಸ್ಕೋ.”

ಲಿನೆಟ್ ಪರದೆಯಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

“ಬೇಡ ಬ್ರೆಟ್. ಅದು ನಾನು ಹೇಳಿದಷ್ಟನ್ನ ಸರಿಯಾಗೇ ಮಾಡ್ತು. ಮರೆತವಳು ನಾನು. ಅದನ್ನ ಬರೆಯೋದಾದ್ರೆ ಬರಿ, ಇಲ್ಲದಿದ್ರೆ ಕಾಗದಾನೇ ಬೇಡ.”