ನಿರ್ದೇಶನ: ವಾರಿಜಾ

ಇಲ್ಲ… ನಾನು ನಂಬುವುದಿಲ್ಲ.
ಫೋನ್ ಬಂದಾಗ "ಸುಳ್ಳು ಸುದ್ದಿ ಹಬ್ಬಿಸುವುದು ನನ್ನ ಡಿಪಾರ್ಟ್‌ಮೆಂಟ್, ನೀನು ಯಾವಾಗ ಸೇರಿದ್ದು?" ಅಂತ ಬೈದೆ.
ಆ ಕಡೆಯಿಂದ ಬರೀ ಅಳು…

ವಾರಿಜಕ್ಕ ಹೋಗಿಬಿಟ್ಟರು.

ಗೊತ್ತಿಲ್ಲದವರು ದಯವಿಟ್ಟು ಎದ್ದು ನಿಂತು ಓದಿ.
ತೊಂಬತ್ತರ ದಶಕದ ಸೌದಿಯ ಜುಬೈಲ್.
ಸಿನಿಮಾ ಥಿಯೇಟರೇ ಇಲ್ಲದ ದೇಶ.
ಅಲ್ಲಿ ನಮ್ಮ ಕನ್ನಡದವರ ಪೈಕಿ ಮೊದಲ ಸಿನಿಮಾ ಮಾಡಿದ್ದು ಈ ಹೆಂಗಸು!
ಎಂಟು ನಿಮಿಷ. ಮೂಕಿ.
ನಟಿಸಲು ಬಂದವರಲ್ಲಿ ಡೈಲಾಗ್ ತುಳುವೋ ಬ್ಯಾರಿಯೋ ಕೊಂಕಣಿಯೋ ಅಂತ ಯುದ್ಧ…
"ಹಾಗಾದ್ರೆ ಯಾರೂ ಬಾಯಿ ಬಿಡುವುದು ಬೇಡ. ಆಯ್ತಲ್ಲ?" ಅಂದರು ಅಕ್ಕ.
ಒಂದು ಸ್ಟೀಲ್ ಬಟ್ಟಲು ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಹೋಗುತ್ತದೆ, ಎಲ್ಲಿಂದಲೂ ಖಾಲಿ ಮರಳುವುದಿಲ್ಲ. ಅಷ್ಟೇ ಕಥೆ.
ಬಾಗಿಲು ತೆರೆಯುವ ಪಾತ್ರದಲ್ಲಿ ನನ್ನ ಎಡಗೈ ಅಮೋಘವಾಗಿ ಅಭಿನಯಿಸಿದೆ.

ಅಕ್ಕಾ, ನೆನಪಿದೆಯಾ…
ನಿಮ್ಮದೇ ಹಾಲ್‌ನಲ್ಲಿ ಶೋ. ನಮ್ಮ ಕನ್ನಡ ಕೂಟದ ಅಧ್ಯಕ್ಷರು ಶುರುವಿಗೇ ತಕರಾರು ತೆಗೆದರು.
"ಕ್ಯಾಮೆರಾ ನಿನ್ನ ಗಂಡನದ್ದು. ನಿರ್ದೇಶನ ಅಂತ ಅವರ ಹೆಸರೇ ಇರಬೇಕಿತ್ತಲ್ಲ ತಂಗಿ?"
"ಕುಕ್ಕರೂ ಅವರೇ ತಂದದ್ದು ಅಣ್ಣ. ಸಾರು ಯಾರು ಮಾಡಿದ್ದು?" ಅಂದಿರಿ ನೀವು.
ಭಾವ ಮಾತ್ರ ನಕ್ಕರು.
ನೀವು ಅಡುಗೆಮನೆಗೆ ಹೋದದ್ದೇ ತಡ, ಅಧ್ಯಕ್ಷರು ನನ್ನ ಕಿವಿಯಲ್ಲಿ, "ಹೆಸರು ಬರುವಾಗ ಫಾರ್ವರ್ಡ್ ಮಾಡು ಮಾರಾಯ."

ವಿ.ಸಿ.ಆರ್. ರಿಮೋಟ್ ನನ್ನ ಕೈಯಲ್ಲಿ!
ಅಧ್ಯಕ್ಷರದ್ದೇ ಒಂದು ರೂಲ್ ಇತ್ತು… ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ಟೀವಿ ನಿಲ್ಲಬೇಕು, ನಮಾಜಿಗೆ ಹೋದವರು ಬರುವ ತನಕ ಎಲ್ಲರೂ ಕಾಯಬೇಕು.
ಸೂರ್ಯ ಮುಳುಗುವ ಹೊತ್ತು. ಕೇಬಲ್ ಲೂಸ್ ಅಂತ ಬೇಕೆಂದೇ ಒದ್ದಾಡಿದೆ, ಬೆವರು ಒರೆಸಿದೆ…
ಸರಿಯಾಗಿ ನಿಮ್ಮ ಹೆಸರು ಪರದೆಗೆ ಬಂತು. ಹೊರಗೆ ಬಾಂಗ್.
ಪಾಝ್ ಒತ್ತಿದೆ. ಪರಮ ಭಕ್ತಿಯಿಂದ.

"ಎಂತದು ಮಾರಾಯ! ಶಬ್ದವೇ ಇಲ್ಲದ ಪಿಕ್ಚರಿಗೆ ಪಾಝ್ ಯಾಕೆ?"
"ರೂಲ್ ನಿಮ್ಮದೇ ಸಾರ್."

ಟೇಪ್ ಹಾಳಾಗಬಾರದೆಂದು ಆ ವಿ.ಸಿ.ಆರ್. ಆಗಾಗ ತಾನೇ ಸ್ಟಾಪ್ ಆಗುತ್ತಿತ್ತು.
ನಾನು ರಿವೈಂಡ್ ಮಾಡಿ ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದೆ…
ಚಾರ್ಟ್ ಪೇಪರಿನಲ್ಲಿ ನೀವೇ ಸ್ಕೆಚ್ ಪೆನ್ನಿನಿಂದ ಬರೆದ ಅಕ್ಷರ.
ಕಾದು ಬೋರಾದ ತಾಯಂದಿರಿಗೆ ಹೊಸ ಐಡಿಯಾ ಬಂತು. ಇಂಗ್ಲಿಷ್ ಬಿಟ್ಟರೆ ಬೇರೆ ಓದದ ಮಕ್ಕಳನ್ನು ಟೀವಿ ಮುಂದೆ ಕೂರಿಸಿದರು.
"ಓದು ನೋಡುವಾ. ಅದು ಯಾವ ಅಕ್ಷರ?"
ವಾ… ರಿ… ಜಾ…
ಮೊದಲು ಒಬ್ಬಳು. ಆಮೇಲೆ ಇಡೀ ಹಾಲ್‌ನ ಮಕ್ಕಳು, ಗಂಟಲು ಹರಿಯುವ ಹಾಗೆ.
ಅಧ್ಯಕ್ಷರು ಫ್ಯಾನ್ ನೋಡುತ್ತಾ ಕೂತರು.
ನೀವು ಸೌಟು ಹಿಡಿದೇ ಓಡಿ ಬಂದಿರಿ.
"ಎಂತ ಆಯ್ತು? ಯಾರು ನನ್ನನ್ನು ಕರೆದದ್ದು?"

ಯಾರೂ ಕರೆದಿರಲಿಲ್ಲ ಅಕ್ಕಾ… ಓದುತ್ತಿದ್ದರು.
ನೀವು ಟೀವಿ ನೋಡಿದಿರಿ. ಅಲ್ಲೇ ನಿಂತಿರಿ…

ಹೋಗಿ ಬನ್ನಿ, ಡೈರೆಕ್ಟರ್ ಮೇಡಂ.
ನಿಮ್ಮ ಜೀವ ತಣ್ಣಗಿರಲಿ.