ಚಟ್ನಿಪುಡಿಯ ಸಾಹಿತ್ಯ

ಕೋಥರೂಡದ ಕಿರಾಣಿ ಅಂಗಡಿಯಲ್ಲಿ ಇವತ್ತು ಯಾರೋ ಚಟ್ನಿಪುಡಿಯ ಪೊಟ್ಟಣ ಕೆಡವಿ ಒಡೆದಿದ್ದರು. ಹುರಿದ ಉದ್ದು, ಇಂಗು, ಜೊತೆಗೊಂದು ಹುಳಿವಾಸನೆ. ಸಕ್ಕರೆಗೆಂದು ಹೋದವಳು ಕೈಚೀಲ ಹಿಡಿದು ಹಾಗೇ ನಿಂತುಬಿಟ್ಟೆ. ನಿಮಗೂ ಹೀಗಾಗುತ್ತದಲ್ಲವೇ? ಕಾಲು ಅಂಗಡಿಯಲ್ಲೇ ಇರುತ್ತದೆ, ಮನಸ್ಸು ಎಲ್ಲಿಗೋ ಹೊರಟುಹೋಗಿರುತ್ತದೆ.

ನನ್ನದು ಹೋದದ್ದು ಎಷ್ಟೋ ವರ್ಷಗಳ ಹಿಂದಿನ, ಹಡಪಸರದ ಪುಟ್ಟ ಜಾಹೀರಾತು ಕಚೇರಿಗೆ. ಧಾರವಾಡದಿಂದ ಈ ಮರಾಠಿ ಊರಿಗೆ ಇಂಟರ್ನ್‌ಶಿಪ್ಪಿಗೆಂದು ಬಂದು, ನಾನು ಕಾಕು ಎಂದು ಕರೆಯುವ ಚಿಕ್ಕಮ್ಮನ ಮನೆಯಲ್ಲಿದ್ದೆ. ಕಾಲೇಜಿನಲ್ಲಿ ಕವಿತೆಗೆ ಬಹುಮಾನ ಪಡೆದವಳಿಗೆ ಇಲ್ಲಿ ಸಿಕ್ಕದ್ದು ಸಾಬೂನಿಗೆ ನಾಲ್ಕು ಪದ, ಸೀರೆಯಂಗಡಿಗೆ ಐದು ಪದ ಬರೆಯುವ ಕೆಲಸ. ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ಮೇಧಾತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯುವ ಮೊದಲೇ ನಾನು ಅವರನ್ನು ಅಮ್ಮನ ಸ್ಥಾನದಲ್ಲಿ ಕೂರಿಸಿಬಿಟ್ಟಿದ್ದೆ. ಆ ತಾಯಿಯೋ, ಒಂದು ತಿಂಗಳು ನೋಡಿ ಆಮೇಲೆ ಇಟ್ಟುಕೊಳ್ಳುವ ಮಾತು ಎಂದಿದ್ದರು. ನನಗೆ ಇರಲೇಬೇಕಿತ್ತು. ಬರೆದೇ ಬದುಕಬೇಕೆಂಬ ಹುಚ್ಚೊಂದು ಬಿಟ್ಟರೆ ನನ್ನಲ್ಲಿ ಬೇರೆ ಬಂಡವಾಳವಿರಲಿಲ್ಲ.

ಮಂಗಳೂರು ಕಡೆಯ ವಾಸುರಾಯರು ಇಲ್ಲಿನ ತಮ್ಮ ಹೋಟೆಲಿನ ಚಟ್ನಿಪುಡಿಯನ್ನು ಪೊಟ್ಟಣ ಕಟ್ಟಿ ಮಾರಲು ಹೊರಟಿದ್ದರು. ಮೇಧಾತಾಯಿ ನನ್ನನ್ನು ಕರೆದು, “ತೂ ಕನ್ನಡ ಬೋಲತೇಸ ನಾ? ಜಾ, ಸಾಹಿತ್ಯ ಲಿಹೂನ ಆಣ,” ಎಂದರು. ನಿನಗೆ ಕನ್ನಡ ಬರುತ್ತದಲ್ಲ, ಹೋಗಿ ಸಾಹಿತ್ಯ ಬರೆದು ತಾ! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಹೋಟೆಲಿನ ಹಿಂದಿನ ಅಡುಗೆಮನೆಯಲ್ಲಿ ರಾಯರ ಹೆಂಡತಿ ಸುಮತಿಯಕ್ಕ ಬೇಳೆ ಹುರಿಯುತ್ತಿದ್ದರು. ಕಿಟಕಿಯ ಬಿಸಿಲಿನಲ್ಲಿ ಹೊಗೆ ನಿಧಾನವಾಗಿ ಮೇಲೇರುತ್ತಿತ್ತು. ಎಲ್ಲರೂ ಹುಣಸೆ ಹಾಕುವಲ್ಲಿ ಅವರು ಹಾಕಿದ್ದು ಪುನರ್ಪುಳಿ ಎಂಬ ಹುಳಿಹಣ್ಣಿನ ಒಣ ಸಿಪ್ಪೆ.

“ಇಲ್ಲಿಯವರು ಇದಕ್ಕೆ ಆಮಸೂಲ ಅಂತಾರೆ. ನಾನು ಮದುವೆಯಾಗಿ ಬಂದಾಗಿಂದ ಪುನರ್ಪುಳಿ ಅಂತಲೇ ಕೇಳುವುದು ಮಾರಾಯ್ತಿ. ಈಗ ಮಾರುವವನೇ ನನ್ನ ಕಂಡ ಕೂಡಲೇ ಪುನರ್ಪುಳಿ ಪುನರ್ಪುಳಿ ಅಂತ ಕೂಗ್ತಾನೆ,” ಎಂದು ನಕ್ಕರು. ಬೇಳೆ ಮಗುಚುತ್ತ, “ಊರಲ್ಲಿ ನಮ್ಮದೂಂತ ಇನ್ನೇನೂ ಇಲ್ಲ. ಈ ಹೆಸರೊಂದು ಉಂಟು,” ಎಂದರು.

ಹೊಗೆ, ಬಿಸಿಲು, ಸುಮತಿಯಕ್ಕನ ನಗು ಎಲ್ಲ ಸೇರಿಸಿ ಎರಡು ಪುಟ ಬರೆದೆ. ಮೇಧಾತಾಯಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಗ ವೇಡೇ, ಸಾಹಿತ್ಯ ಮ್ಹಣಜೆ ಸಾಮಾನ!” ಮರಾಠಿಯಲ್ಲಿ ಅಡುಗೆಗೆ ಬೇಕಾಗುವ ಪದಾರ್ಥಗಳಿಗೂ ಸಾಹಿತ್ಯ ಎಂದೇ ಹೆಸರು. ಅವರು ಕೇಳಿದ್ದು ಪೊಟ್ಟಣದ ಬೆನ್ನಿಗೆ ಅಚ್ಚಾಗಬೇಕಾದ ಬೇಳೆ, ಮೆಣಸು, ಉಪ್ಪು. ಕಚೇರಿಗೆ ಕಚೇರಿಯೇ ನಕ್ಕಿತು. ಸಂಜೆ ಕಾಕುವಿನ ಮುಂದೆ ಅತ್ತುಬಿಟ್ಟೆ.

“ನಗಲಿ ಬಿಡವಾ,” ಎಂದಳು ಕಾಕು. “ಉಪ್ಪು ಖಾರ ಇಲ್ಲದ್ದು ಸಾಹಿತ್ಯ ಹೆಂಗ ಆದೀತು?”

ಮರುದಿನ ಸಾಮಾನಿನ ಹೆಸರಷ್ಟೇ ಬರೆದು ಒಯ್ದೆ. ಮೇಧಾತಾಯಿ ಪುನರ್ಪುಳಿಯನ್ನು ಹೊಡೆದುಹಾಕಿ ಆಮಸೂಲ ಎಂದು ಬರೆದರು. ಓದಿದವರಿಗೆ ತಿಳಿಯಬೇಡವೇ ಎಂಬುದು ಅವರ ವಾದ. ಅದು ಸರಿಯೂ ಹೌದು, ಆ ಕಸುಬಿನ ಮೊದಲ ಪಾಠವೇ ಅದು. ಎರಡು ಪುಟವನ್ನು ತುಟಿಪಿಟಕ್ಕೆನ್ನದೆ ಬಿಟ್ಟುಕೊಟ್ಟವಳು ಆ ಒಂದು ಪದಕ್ಕೆ ಮಾತ್ರ ಅಡ್ಡ ನಿಂತೆ. ತಿಂಗಳು ತುಂಬಿರಲಿಲ್ಲ. ಹೊರಗೆ ಕಳಿಸಿದರೆ ಧಾರವಾಡದ ಬಸ್ಸೇ ಗತಿ. ಹರಕು ಮರಾಠಿಯಲ್ಲಿ, “ಇದು ನನ್ನ ಸಾಹಿತ್ಯವಲ್ಲ ತಾಯಿ, ಆ ಅಕ್ಕನ ಹೆಸರು. ಇರಲಿ ಬಿಡಿ,” ಎಂದೆ.

ಅವರು ಹಾಳೆಯನ್ನು ಮತ್ತೆ ತಮ್ಮತ್ತ ಎಳೆದುಕೊಂಡರು. ಆಮೇಲೆ ಪುನರ್ಪುಳಿಯನ್ನು ಮತ್ತೆ ಬರೆದು, ಪಕ್ಕದಲ್ಲಿ ಚಿಕ್ಕದಾಗಿ ಆಮಸೂಲ ಎಂದು ಸೇರಿಸಿದರು. “ಮುಂದಿನ ತಿಂಗಳೂ ಹೀಗೇ ಜಗಳ ಆಡ್ತೀಯಾ?” ಎಂದು ಮರಾಠಿಯಲ್ಲಿ ಕೇಳಿದರು. ಮುಂದಿನ ತಿಂಗಳು! ನಾನು ಜೋರಾಗಿ ತಲೆಯಾಡಿಸಿದೆ.

ಸುಮತಿಯಕ್ಕ ಈಗಿಲ್ಲ. ಇವತ್ತು ಕೋಥರೂಡದ ಅಂಗಡಿಯವನು ಚೆಲ್ಲಿದ ಪುಡಿ ಗುಡಿಸುತ್ತಿದ್ದ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಇನ್ನೊಂದು ಪೊಟ್ಟಣದ ಬೆನ್ನು ತಿರುಗಿಸಿ, ಪಕ್ಕದ ಚಿಕ್ಕ ಅಕ್ಷರ ಕಾಣದೆ, ಪುನರ್ಪುಳಿ ಎಂದರೇನೆಂದು ಅವನನ್ನು ಕೇಳಿದಳು. ಅವನು ತಲೆಯೆತ್ತದೆ ಹೇಳಿದ: “ಆಮಸೂಲ ಹೋ. ಪಣ ಖರಂ ನಾವ ಪುನರ್ಪುಳಿ.” ನಿಜವಾದ ಹೆಸರು ಪುನರ್ಪುಳಿಯಂತೆ!

ಕಣ್ಣು ತುಂಬಿತು. ಮೆಣಸಿನ ಘಾಟಿಗೆ ಎನ್ನಬಹುದಿತ್ತು, ಎನ್ನಲಾರೆ. ಸಕ್ಕರೆ ಮರೆತು, ನನ್ನ ಸಮಗ್ರ ಸಾಹಿತ್ಯವನ್ನು ಒಂದು ಪೊಟ್ಟಣ ಕೊಂಡು ಮನೆಗೆ ಬಂದೆ.